ಫೋನ್ ನೋಡುತ್ತಾ ರಸ್ತೆಗಿಳಿಯುವವರಿಗೆ "ಮೊಬೈಲ್ ಬಳಸಬೇಡಿ" ಬೋರ್ಡು ಸಾಕಾಗುತ್ತಿಲ್ಲ, ಬದಲಿಗೆ ಏನು ಮಾಡಬಹುದು?

ನಡೆದಾರಿ (ಪ್ರಶ್ನೆ)

ಕಾರ್ಖಾನೆಯೊಂದರ ಸುರಕ್ಷಾ ಸಮಿತಿಯ ಪರವಾಗಿ ಕೇಳುತ್ತಿದ್ದೇನೆ. ಗೇಟಿನ ಮುಂದೆಯೇ ನಾಲ್ಕು ಲೇನಿನ ರಸ್ತೆ, ನಡುವೆ ಡಿವೈಡರ್. ಒಂದು ಕಡೆ ಸಿಗ್ನಲ್ ಇರುವ ಜಂಕ್ಷನ್, ಇನ್ನೊಂದು ಕಡೆ ಸಿಗ್ನಲ್ ಇಲ್ಲದ ಜೀಬ್ರಾ ಕ್ರಾಸಿಂಗ್. ಪಾಳಿ ಬಿಟ್ಟಾಗ ನೂರಾರು ಜನ ಒಟ್ಟಿಗೆ ಹೊರಬರುತ್ತಾರೆ. ಅಷ್ಟು ಹೊತ್ತು ಲಾಕರಿನಲ್ಲಿದ್ದ ಫೋನು ಗೇಟು ದಾಟುವಷ್ಟರಲ್ಲಿ ಕೈಗೆ ಬಂದಿರುತ್ತದೆ, ತಲೆ ಬಗ್ಗಿಸಿಕೊಂಡೇ ರಸ್ತೆಗೆ ಇಳಿಯುತ್ತಾರೆ. "ರಸ್ತೆ ದಾಟುವಾಗ ಮೊಬೈಲ್ ಬಳಸಬೇಡಿ" ಅನ್ನುವ ಬೋರ್ಡು ಮೊದಲಿನಿಂದಲೂ ಇದೆ, ಪರಿಣಾಮ ಇಲ್ಲ.

ಒಂದು ಪುಟದ ಸೂಚನೆ ಸಿದ್ಧವಾಗಬೇಕು. ಉಪದೇಶ ಬೇಡ, ಬಳಸಲು ಬರುವ ವಿವರ ಬೇಕು. ಫೋನು ನಿಜಕ್ಕೂ ಏನನ್ನು ಕೆಡಿಸುತ್ತದೆ: ಕಣ್ಣನ್ನೋ, ಕಿವಿಯನ್ನೋ, ನಡಿಗೆಯನ್ನೋ? ಹ್ಯಾಂಡ್ಸ್‌ಫ್ರೀ ಆದರೆ ಪರವಾಗಿಲ್ಲವೇ? ಎಷ್ಟು ದೂರದ ಗಾಡಿಗೆ ನಿಲ್ಲಬೇಕು ಅನ್ನುವುದಕ್ಕೆ ಲೆಕ್ಕ ಇದೆಯೇ? ರಾತ್ರಿ ಪಾಳಿಯವರಿಗೆ ಬೇರೇನು ಹೇಳಬೇಕು? ಕೊನೆಯದಾಗಿ, ಜನರ ಅಭ್ಯಾಸ ತಿದ್ದುವುದಕ್ಕೆ ಶ್ರಮ ಹಾಕಬೇಕೋ, ರಸ್ತೆಯನ್ನೇ ಬದಲಿಸಿ ಅಂತ ನಗರಾಡಳಿತದ ಬೆನ್ನು ಹತ್ತಬೇಕೋ?

ಎಚ್ಚರ

ಮೂರೂ ಕೆಡುತ್ತವೆ, ಆದರೆ ಒಂದೊಂದು ಒಂದೊಂದು ರೀತಿಯಲ್ಲಿ. ಒಂದೇ ಸಾಲಿನ ಬೋರ್ಡು ಸೋಲುವುದು ಇದೇ ಕಾರಣಕ್ಕೆ.

ಕಣ್ಣಿನಿಂದ ಶುರು ಮಾಡೋಣ. ಸ್ಕ್ರೀನ್ ನೋಡುವಾಗ ಬದಿಯಲ್ಲಿ ಏನೋ ಚಲಿಸಿತು ಅನ್ನುವುದು ಓರೆಗಣ್ಣಿಗೆ ತಿಳಿದೀತು. ಅದರ ವೇಗ ಮಾತ್ರ ತಿಳಿಯುವುದಿಲ್ಲ. ನಮ್ಮ ಕಡೆಗೇ ಬರುವ ಗಾಡಿಯ ವೇಗವನ್ನು ನಾವು ಅಂದಾಜು ಮಾಡುವುದು ಅದರ ಆಕಾರ ಕಣ್ಣಿನಲ್ಲಿ ಎಷ್ಟು ಬೇಗ ದೊಡ್ಡದಾಗುತ್ತಿದೆ ಅನ್ನುವುದರಿಂದ. ದೂರದಲ್ಲಿದ್ದಾಗ ಅದು ಬೆಳೆಯುವುದು ತೀರಾ ನಿಧಾನ, ಹತ್ತಿರ ಬಂದಾಗ ಒಮ್ಮೆಗೇ ದೊಡ್ಡದಾಗುತ್ತದೆ. ತಲೆ ಎತ್ತಿ ಅರೆಕ್ಷಣ ನೋಡಿ ಮತ್ತೆ ಸ್ಕ್ರೀನಿಗೆ ಇಳಿಸಿದರೆ ಗಾಡಿ "ಇದೆ" ಅನ್ನುವುದು ಗೊತ್ತಾಗುತ್ತದೆ, "ಎಷ್ಟು ಬೇಗ ಬರುತ್ತಿದೆ" ಅನ್ನುವುದು ಗೊತ್ತಾಗುವುದಿಲ್ಲ. ಒಂದೆರಡು ಸೆಕೆಂಡ್ ನೆಟ್ಟು ನೋಡಲೇಬೇಕು. ಮಕ್ಕಳಿಗೆ ಇದು ಇನ್ನೂ ಕಷ್ಟ. ಗಂಟೆಗೆ ಸುಮಾರು 32 ಕಿ.ಮೀ. ಮೀರಿದ ವೇಗದಲ್ಲಿ ಬರುವ ಗಾಡಿಯನ್ನು ಪ್ರಾಥಮಿಕ ಶಾಲೆಯ ಮಕ್ಕಳು ಸರಿಯಾಗಿ ಗುರುತಿಸಲಾರರು ಎಂದು ಲಂಡನ್ನಿನ ರಾಯಲ್ ಹಾಲೋವೇ ಕಾಲೇಜಿನ ಸಂಶೋಧಕರು 2011ರಲ್ಲಿ ತೋರಿಸಿದ್ದಾರೆ.

ಇನ್ನು ಹ್ಯಾಂಡ್ಸ್‌ಫ್ರೀ. ತುಂಬ ಜನ ಎಡವುವುದು ಇಲ್ಲೇ. ಕೈ ಖಾಲಿಯಿದ್ದು ಕಣ್ಣು ರಸ್ತೆಯ ಮೇಲಿದ್ದರೂ ಮನಸ್ಸು ಮಾತಿನಲ್ಲಿದ್ದರೆ ಕಣ್ಣಿಗೆ ಬಿದ್ದದ್ದು ತಲೆಗೆ ಹೋಗುವುದಿಲ್ಲ. ಅಮೆರಿಕದ ವೆಸ್ಟರ್ನ್ ವಾಷಿಂಗ್ಟನ್ ವಿಶ್ವವಿದ್ಯಾಲಯದವರು ತಮ್ಮ ಅಂಗಳದಲ್ಲಿ ಒಂಟಿಚಕ್ರದ ಸೈಕಲ್ ಮೇಲೆ ಕೋಡಂಗಿ ವೇಷದವನೊಬ್ಬನನ್ನು ಓಡಾಡಿಸಿ, ಹಾದುಹೋದವರನ್ನು ತಡೆದು ಕೇಳಿದ್ದರು. ಫೋನಿನಲ್ಲಿ ಮಾತಾಡುತ್ತಿದ್ದವರಲ್ಲಿ ಅವನನ್ನು ಗಮನಿಸಿದವರು ಸುಮಾರು ನಾಲ್ಕರಲ್ಲಿ ಒಬ್ಬರು. ಒಬ್ಬರೇ ಸುಮ್ಮನೆ ನಡೆಯುತ್ತಿದ್ದವರಲ್ಲಿ ಸುಮಾರು ಅರ್ಧದಷ್ಟು ಮಂದಿ ನೋಡಿದ್ದರು. ಇಬ್ಬಿಬ್ಬರಾಗಿ ಹೋಗುತ್ತಿದ್ದವರಲ್ಲಿ ನೋಡಿದವರು ಇನ್ನೂ ಹೆಚ್ಚು. ಅಂದರೆ ಮಾತು ಒಂದೇ ಕಾರಣ ಅಲ್ಲ. ಪಕ್ಕದಲ್ಲಿರುವವರಿಗೂ ಅದೇ ರಸ್ತೆ ಕಾಣುತ್ತದೆ, ಗಾಡಿ ಬಂದರೆ ಅವರು ಮಾತು ನಿಲ್ಲಿಸುತ್ತಾರೆ, ತೋಳು ಹಿಡಿದು ಎಳೆಯುತ್ತಾರೆ. ಫೋನಿನ ಆಚೆ ತುದಿಯವರಿಗೆ ನೀವು ರಸ್ತೆಯ ನಡುವೆ ಇದ್ದೀರಿ ಅನ್ನುವುದೇ ಗೊತ್ತಿರುವುದಿಲ್ಲ, ಉತ್ತರಕ್ಕಾಗಿ ಕಾಯುತ್ತಿರುತ್ತಾರೆ.

ನಡಿಗೆ: ಟೈಪ್ ಮಾಡುತ್ತಾ ನಡೆಯುವವರ ವೇಗ ಇಳಿಯುತ್ತದೆ, ಹೆಜ್ಜೆ ನೇರ ಗೆರೆಯಿಂದ ಆಚೀಚೆ ವಾಲುತ್ತದೆ. ಫುಟ್‌ಪಾತಿನಲ್ಲಿ ಇದರಿಂದ ಹೆಚ್ಚೆಂದರೆ ಇನ್ನೊಬ್ಬರಿಗೆ ಡಿಕ್ಕಿ. ರಸ್ತೆಯಲ್ಲಿ ಗಾಡಿಯ ಎದುರು ಕಳೆಯುವ ಸೆಕೆಂಡುಗಳು ಹೆಚ್ಚಾಗುತ್ತವೆ.

ಕಿವಿಯ ವಿಷಯ ಸ್ವಲ್ಪ ಸೂಕ್ಷ್ಮ. ಸದ್ದು ಯಾವ ದಿಕ್ಕಿನಿಂದ ಬಂತು ಅನ್ನುವುದನ್ನು ಮಿದುಳು ತಿಳಿಯುವುದು ಎರಡು ಕಿವಿಗೆ ಅದು ತಲುಪುವ ಹೊತ್ತಿನಲ್ಲಿ ಮತ್ತು ಜೋರಿನಲ್ಲಿ ಇರುವ ವ್ಯತ್ಯಾಸದಿಂದ. ಹೊತ್ತಿನ ವ್ಯತ್ಯಾಸ ಒಂದು ಮಿಲಿಸೆಕೆಂಡಿಗಿಂತಲೂ ಕಡಿಮೆ. ಆದ್ದರಿಂದ "ಒಂದು ಕಿವಿಗೆ ಮಾತ್ರ ಹಾಕಿಕೊಂಡಿದ್ದೇನೆ" ಅನ್ನುವುದು ಅರ್ಧ ಪರಿಹಾರ ಕೂಡ ಅಲ್ಲ. ಹಾರ್ನ್ ಕೇಳುತ್ತದೆ, ಎತ್ತಲಿಂದ ಅನ್ನುವುದು ತಪ್ಪುತ್ತದೆ, ತಪ್ಪು ದಿಕ್ಕಿಗೆ ಸರಿಯುವ ಅಪಾಯ ಇರುತ್ತದೆ. ಸದ್ದು ತಡೆಯುವ ಇಯರ್‌ಬಡ್‌ಗಳಲ್ಲಿ ಹೊರಗಿನ ಸದ್ದನ್ನು ಒಳಬಿಡುವ ಮೋಡ್ ಇದ್ದರೂ ಅದು ಮೈಕಿನ ಮೂಲಕ ಬಂದ ಸದ್ದು, ಗಾಳಿ ಬೀಸಿದರೆ ಕಲಸಿಹೋಗುತ್ತದೆ. ಆ ಮೋಡ್ ಇಲ್ಲದ ಇಯರ್‌ಬಡ್‌ಗಿಂತ ಅದು ಮೇಲು, ತೆಗೆದಿಡುವುದು ಎಲ್ಲಕ್ಕಿಂತ ಮೇಲು.

ಕಿವಿಯನ್ನು ನಂಬಿ ದಾಟುವ ಅಭ್ಯಾಸಕ್ಕೆ ಎಲೆಕ್ಟ್ರಿಕ್ ಗಾಡಿಗಳಿಂದ ಇನ್ನೊಂದು ಪೆಟ್ಟು. ವಿಶ್ವಸಂಸ್ಥೆಯ ಗಾಡಿ ನಿಯಮ 138ರ ಪ್ರಕಾರ ಸದ್ದಿಲ್ಲದ ಕಾರುಗಳು ಗಂಟೆಗೆ 20 ಕಿ.ಮೀ. ವೇಗದವರೆಗೆ ಕೃತಕ ಸದ್ದು ಮಾಡಬೇಕು. ಯುರೋಪಿಯನ್ ಒಕ್ಕೂಟದಲ್ಲಿ 2021ರ ಜುಲೈನಿಂದ ಎಲ್ಲ ಹೊಸ ಎಲೆಕ್ಟ್ರಿಕ್, ಹೈಬ್ರಿಡ್ ಕಾರುಗಳಿಗೂ ಇದು ಕಡ್ಡಾಯ. ಆ ವೇಗ ಮೀರಿದರೆ ಟೈರಿನ ಸದ್ದೇ ಗತಿ, ಇರುಕಿನ ಟ್ರಾಫಿಕ್ಕಿನಲ್ಲಿ ಅದು ಬೇರೆ ಸದ್ದುಗಳಲ್ಲಿ ಮುಚ್ಚಿಹೋಗುತ್ತದೆ.

ಎಲ್ಲಕ್ಕಿಂತ ಮುಖ್ಯವಾದ್ದು, ಫೋನು ಜೇಬಿಗೆ ಹೋದ ಕ್ಷಣಕ್ಕೇ ಗಮನ ಮರಳುವುದಿಲ್ಲ. ಡ್ರೈವರ್‌ಗಳ ಮೇಲೆ ನಡೆದ ಪರೀಕ್ಷೆಯಲ್ಲಿ ದನಿಯಿಂದ ನಡೆಸುವ ಸಾಧನಕ್ಕೆ ಆದೇಶ ಕೊಟ್ಟು ಮುಗಿಸಿದ ಮೇಲೂ, ಕೆಲವು ಸಾಧನಗಳಲ್ಲಿ 27 ಸೆಕೆಂಡಿನವರೆಗೆ ಗಮನ ಪೂರ್ತಿ ಮರಳಿರಲಿಲ್ಲ ಎಂದು ಅಮೆರಿಕದ ರಸ್ತೆ ಸುರಕ್ಷತಾ ಸಂಸ್ಥೆಯಾದ ಎಎಎ ಪ್ರತಿಷ್ಠಾನ 2015ರಲ್ಲಿ ಪ್ರಕಟಿಸಿತು. ನಡೆಯುವವರಿಗೆ ಅದೇ ಅಂಕಿ ಅನ್ವಯಿಸುತ್ತದೆ ಅಂತಲ್ಲ, ಗುಣ ಅದೇ. ಅಂಚಿಗೆ ಬಂದು ಫೋನ್ ಒಳಗಿಟ್ಟು ಅದೇ ಹೆಜ್ಜೆಯಲ್ಲಿ ಕೆಳಗಿಳಿದರೆ ತಲೆ ಇನ್ನೂ ಮೆಸೇಜಿನಲ್ಲೇ ಇರುತ್ತದೆ. ಹಾಗಾಗಿ ನಿಮ್ಮ ಸೂಚನೆಯಲ್ಲಿ "ದಾಟುವಾಗ ಬೇಡ" ಅನ್ನುವುದನ್ನು ತೆಗೆದು "ಅಂಚಿಗೆ ಹತ್ತು ಹೆಜ್ಜೆ ಮೊದಲೇ ಒಳಗಿಡಿ" ಅಂತ ಬರೆಯಿರಿ. ಮೆಸೇಜ್ ಮುಗಿಸಲೇಬೇಕು ಅನ್ನುವವರಿಗೆ ಗೋಡೆಯ ಬದಿಗೆ ಸರಿದು ನಿಲ್ಲಲು ಜಾಗ ತೋರಿಸಿ. ಜನರ ಹರಿವಿನ ನಡುವೆ ಯಾರಾದರೂ ಫಕ್ಕನೆ ನಿಂತರೆ ಹಿಂದಿನವರು ಅವರನ್ನು ತಪ್ಪಿಸಲು ಹೋಗಿ ರಸ್ತೆಗೆ ಇಳಿಯುತ್ತಾರೆ.

ಮೀಟರ್‌ಸೆಕೆಂಡು

ನಡೆದಾರಿಯವರೇ, ಲೆಕ್ಕ ಕೇಳಿದ್ದೀರಿ. ಇಲ್ಲಿದೆ.

ವಯಸ್ಕರ ನಡಿಗೆಗೆ ಸಿಗ್ನಲ್ ವಿನ್ಯಾಸದಲ್ಲಿ ಸಾಮಾನ್ಯವಾಗಿ ಹಿಡಿಯುವ ವೇಗ ಸೆಕೆಂಡಿಗೆ 1.2 ಮೀಟರ್. ಒಂದು ಲೇನು 3.5 ಮೀಟರ್ ಅಂತ ಹಿಡಿದರೆ ಲೇನಿಗೆ 3 ಸೆಕೆಂಡ್. ವಯಸ್ಸಾದವರು, ಕೈಮಗು ಎತ್ತಿಕೊಂಡವರು, ಭಾರ ಹೊತ್ತವರು ಇದ್ದರೆ ಲೇನಿಗೆ 4 ಸೆಕೆಂಡ್ ಹಿಡಿಯಿರಿ. ಮೊದಲ ಹೆಜ್ಜೆ ಇಡಲು ತೀರ್ಮಾನಿಸಿ ಕಾಲೆತ್ತುವುದಕ್ಕೆ 2 ಸೆಕೆಂಡ್ ಸೇರಿಸಿ.

ನಾಲ್ಕು ಲೇನನ್ನು ಒಂದೇ ಬಾರಿಗೆ ದಾಟಲು ಇದರಂತೆ 14 ಸೆಕೆಂಡ್. ಗಂಟೆಗೆ 50 ಕಿ.ಮೀ. ವೇಗದ ಗಾಡಿ ಸೆಕೆಂಡಿಗೆ 14 ಮೀಟರ್ ಬರುತ್ತದೆ, ಅಂದರೆ 190 ಮೀಟರಿಗಿಂತ ಹೆಚ್ಚು ಖಾಲಿ ರಸ್ತೆ ಬೇಕು. ಅಷ್ಟು ದೂರದ ಗಾಡಿಯ ವೇಗವನ್ನು ಯಾರೂ ಕಣ್ಣಳತೆಯಲ್ಲಿ ಹೇಳಲಾರರು. ನಿಮ್ಮಲ್ಲಿ ಡಿವೈಡರ್ ಇದೆಯಲ್ಲ, ಎರಡು ಕಂತಿನಲ್ಲಿ ದಾಟಿ: ಎರಡು ಲೇನಿಗೆ 8 ಸೆಕೆಂಡ್, ಸುಮಾರು 110 ಮೀಟರ್. ಇದನ್ನು ಸೂಚನೆಯಲ್ಲಿ ಮೀಟರಿನಲ್ಲಿ ಬರೆಯಬೇಡಿ, ಯಾರಿಗೂ ಅಂದಾಜಾಗುವುದಿಲ್ಲ. ಕ್ರಾಸಿಂಗಿನಿಂದ 110 ಮೀಟರ್ ಟೇಪಿನಲ್ಲಿ ಅಳೆದು ಅಲ್ಲಿ ಯಾವ ಕಂಬ, ಯಾವ ಮರ ಇದೆ ನೋಡಿ. "ಆ ಕಂಬಕ್ಕಿಂತ ಈಚೆ ಗಾಡಿ ಇದ್ದರೆ ಇಳಿಯಬೇಡಿ" ಅಂತ ಗುರುತು ಕೊಡಿ. ಗಾಡಿಗಳು 50ಕ್ಕಿಂತ ಜೋರಾಗಿ ಬರುವ ರಸ್ತೆಯಾದರೆ ಗುರುತು ಇನ್ನೂ ದೂರ ಹೋಗಬೇಕು. 60 ಕಿ.ಮೀ. ಆದರೆ ಅದೇ 8 ಸೆಕೆಂಡಿಗೆ 135 ಮೀಟರ್.

"ಬ್ರೇಕ್ ಹಾಕ್ತಾರೆ ಬಿಡು" ಅನ್ನುವವರಿಗೆ ಬ್ರಿಟನ್ನಿನ ರಸ್ತೆ ನಿಯಮಗಳ ಕೈಪಿಡಿಯಾದ ಹೈವೇ ಕೋಡ್ ಕೊಡುವ ಅಂಕಿ ತೋರಿಸಿ. ಒಣ ರಸ್ತೆಯಲ್ಲಿ, ಎಚ್ಚರವಿರುವ ಡ್ರೈವರ್ ಕೈಯಲ್ಲಿ, 32 ಕಿ.ಮೀ. ವೇಗದ ಕಾರು ನಿಲ್ಲಲು 12 ಮೀಟರ್, 48ಕ್ಕೆ 23 ಮೀಟರ್, 64ಕ್ಕೆ 36 ಮೀಟರ್. ಮಳೆಯಲ್ಲಿ ಕನಿಷ್ಠ ದುಪ್ಪಟ್ಟು ಅಂತರ ಬೇಕು ಅನ್ನುತ್ತದೆ ಅದೇ ಕೋಡ್. ಈ ಅಂಕಿಗಳ ಒಳಗೆ ಒಂದು ಭಯಂಕರ ವಿಷಯ ಇದೆ. ನೀವು 12 ಮೀಟರ್ ಮುಂದೆ ಇಳಿದಿರಿ ಅನ್ನಿ. 32ರಲ್ಲಿ ಬರುತ್ತಿದ್ದ ಕಾರು ನಿಮ್ಮನ್ನು ಮುಟ್ಟುವ ಮೊದಲು ನಿಂತಿರುತ್ತದೆ. 48ರಲ್ಲಿ ಬರುತ್ತಿದ್ದ ಕಾರಿಗೆ ಡ್ರೈವರ್ ಕಾಲು ಬ್ರೇಕಿಗೆ ಹೋಗುವಷ್ಟರಲ್ಲೇ 9 ಮೀಟರ್ ಮುಗಿದಿರುತ್ತದೆ, ಉಳಿದ 3 ಮೀಟರ್ ಬ್ರೇಕ್ ಒತ್ತಿದ ಮೇಲೂ ಅದು ನಿಮಗೆ ಹೊಡೆಯುವಾಗ ಇನ್ನೂ 42ರ ಆಸುಪಾಸಿನಲ್ಲಿರುತ್ತದೆ. ಡ್ರೈವರ್ ಕೂಡ ಫೋನ್ ನೋಡುತ್ತಿದ್ದರೆ ಬ್ರೇಕಿನ ಮಾತೇ ಇಲ್ಲ. 50ರಲ್ಲಿ 2 ಸೆಕೆಂಡ್ ಕಣ್ಣು ಕೆಳಗಿಳಿಸಿದರೆ ಗಾಡಿ 28 ಮೀಟರ್ ಕುರುಡಾಗಿ ಓಡಿರುತ್ತದೆ. ಗಮನವಿಲ್ಲದ ಇಬ್ಬರು ಎದುರುಬದುರಾದಾಗ ತಪ್ಪಿಸುವವರು ಯಾರೂ ಇರುವುದಿಲ್ಲ.

ಸಿಗ್ನಲ್ ಇಲ್ಲದ ಜೀಬ್ರಾದಲ್ಲಿ ಜೀವ ತೆಗೆಯುವ ಸನ್ನಿವೇಶ ಒಂದಿದೆ, ಅದನ್ನು ಚಿತ್ರ ಬರೆದೇ ತೋರಿಸಿ. ಮೊದಲ ಲೇನಿನಲ್ಲಿ ಬಸ್ಸೋ ಲಾರಿಯೋ ನಿಮಗಾಗಿ ನಿಂತಿತು. ನೀವು ಕೈ ಎತ್ತಿ ಧನ್ಯವಾದ ಹೇಳಿ ಅದರ ಮುಂದೆ ಬಿರುಸಾಗಿ ಹೊರಟಿರಿ. ಎರಡನೇ ಲೇನಿನ ಬೈಕಿನವನಿಗೆ ನೀವು ಕಾಣುತ್ತಿಲ್ಲ, ನಿಮಗೂ ಅವನು ಕಾಣುತ್ತಿಲ್ಲ, ಬಸ್ಸು ಅಡ್ಡ ಇದೆ. ಇದಕ್ಕೆ ಇರುವುದು ಒಂದೇ ಕ್ರಮ: ನಿಂತ ಗಾಡಿಯ ಆಚೆ ಅಂಚಿಗೆ ಬಂದಾಗ ಪೂರ್ತಿ ನಿಂತು, ತಲೆಯನ್ನಷ್ಟೇ ಮುಂದೆ ಚಾಚಿ ಮುಂದಿನ ಲೇನ್ ನೋಡಿ, ಆಮೇಲೆ ಹೆಜ್ಜೆ. ಒಂದು ಲೇನಿನ ಡ್ರೈವರ್ "ಹೋಗಿ" ಅಂತ ಕೈ ಬೀಸಿದರೆ ಅದು ಅವನ ಲೇನಿಗೆ ಮಾತ್ರ ಅನ್ವಯ. ಹಿಂದಿನಿಂದ ಬರುವವನ ಪರವಾಗಿ ಅವನು ಮಾತು ಕೊಡಲಾರ.

ಸಿಗ್ನಲ್ಲಿನಲ್ಲಿ ಹಸಿರು ಮನುಷ್ಯ ಹತ್ತಿದ ಮೇಲೂ ತಿರುಗಿ ಬರುವ ಗಾಡಿಗಳು ಬಾಕಿ ಇರುತ್ತವೆ. ಕೆಂಪು ತಪ್ಪಿಸಲು ಕೊನೆಗಳಿಗೆಯಲ್ಲಿ ನುಗ್ಗುವವರೂ ಇರುತ್ತಾರೆ. ಹಸಿರಾದ ಮೇಲೆ ಒಂದು ಉಸಿರು ಬಿಟ್ಟು, ಮುಂದೆ, ಬರುವ ಕಡೆ, ಆಮೇಲೆ ಹೆಗಲ ಮೇಲಿಂದ ಹಿಂದೆ ನೋಡಿ ಹೊರಡಿ. ಹಿಂದಿನಿಂದ ತಿರುಗುವ ಗಾಡಿಯನ್ನು ನೋಡುವುದೇ ಎಲ್ಲರೂ ಮರೆಯುವ ನೋಟ. ಸೆಕೆಂಡ್ ಎಣಿಸುವ ಬೋರ್ಡಿದ್ದರೆ ಲೆಕ್ಕ ಸುಲಭ, ಲೇನಿಗೆ ಮೂರು. ನಾಲ್ಕು ಲೇನ್ ದಾಟಬೇಕು, ಬೋರ್ಡಿನಲ್ಲಿ 12ಕ್ಕಿಂತ ಕಡಿಮೆ ಇದೆ, ಹೊರಡಬೇಡಿ. ವಯಸ್ಸಾದವರು ಜೊತೆಗಿದ್ದರೆ 16.

ನಡೆದಾರಿ

ಇಬ್ಬರಿಗೂ ಧನ್ಯವಾದ. ಕಂಬದ ಗುರುತು ಕೊಡುವುದು ಹೊಳೆದಿರಲಿಲ್ಲ, ಅದನ್ನೇ ಮಾಡುತ್ತೇವೆ. ಇನ್ನೆರಡು ಸಂಶಯ. ಪಾಳಿ ಬಿಟ್ಟಾಗ ಐವತ್ತು ಜನ ಒಟ್ಟಿಗೆ ದಾಟುತ್ತಾರೆ, ಗುಂಪಿನಲ್ಲಿದ್ದರೆ ಗಾಡಿಗಳು ನಿಲ್ಲುತ್ತವೆ, ಹಾಗಾಗಿ ಒಬ್ಬೊಬ್ಬರೂ ನೋಡುವ ಅಗತ್ಯ ಏನು ಅಂತ ಸಮಿತಿಯಲ್ಲೇ ಒಬ್ಬರು ಕೇಳಿದರು. ಎರಡನೆಯದು, ನಮ್ಮ ಗೇಟಿಗೆ ಟ್ರೇಲರ್ ಲಾರಿಗಳು ತಿರುಗಿ ಬರುತ್ತವೆ. ಅವುಗಳ ಡ್ರೈವರ್‌ಗೆ ಎಲ್ಲಿ ನಿಂತರೆ ಕಾಣುತ್ತೇವೆ, ಎಲ್ಲಿ ಕಾಣುವುದಿಲ್ಲ?

ಎಚ್ಚರ

ಗುಂಪಿನ ಬಗ್ಗೆ ಮೊದಲು. ದೊಡ್ಡ ಗುಂಪು ಡ್ರೈವರ್ ಕಣ್ಣಿಗೆ ಚೆನ್ನಾಗಿ ಬೀಳುತ್ತದೆ, ಅದು ನಿಜ. ಆದರೆ ಗುಂಪಿನ ಒಳಗಿರುವವರು ರಸ್ತೆ ನೋಡುವುದಿಲ್ಲ, ಪಕ್ಕದವರ ಕಾಲು ನೋಡುತ್ತಾರೆ. ಬ್ರಿಟನ್ನಿನ ಲೀಡ್ಸ್ ವಿಶ್ವವಿದ್ಯಾಲಯದವರು 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಪಕ್ಕದವರು ಇಳಿದರೆ ತಾವೂ ಇಳಿಯುವ ಸಂಭವ ಒಂದೂವರೆಯಿಂದ ಎರಡೂವರೆ ಪಟ್ಟು ಹೆಚ್ಚು ಅಂತ ಕಂಡಿತ್ತು. ಅದರಲ್ಲಿ ಕೆಲವರು ಇಳಿದು ಮತ್ತೆ ಹಿಂದೆ ಓಡಬೇಕಾಯಿತು. ಮುಂದಿದ್ದವರು ಸರಿಯಾಗಿ ಲೆಕ್ಕ ಹಾಕಿ ಇಳಿದಿರಬಹುದು, ಆ ಲೆಕ್ಕ ಅವರಿಗೆ ಮಾತ್ರ. ಬಾಲದಲ್ಲಿರುವವರು ಅಂಚಿಗೆ ಬರುವಷ್ಟರಲ್ಲಿ ಆರೇಳು ಸೆಕೆಂಡ್ ಕಳೆದಿರುತ್ತದೆ, ಗಾಡಿ ನೂರು ಮೀಟರ್ ಹತ್ತಿರ ಬಂದಿರುತ್ತದೆ. ಫೋನ್ ನೋಡುವವರು ಹೆಚ್ಚಾಗಿ ಇರುವುದೂ ಬಾಲದಲ್ಲೇ. "ಪ್ರತಿಯೊಬ್ಬರೂ ತಮ್ಮ ಕಣ್ಣಿಂದ ನೋಡಿ ಇಳಿಯಬೇಕು" ಅನ್ನುವ ಸಾಲನ್ನು ಬಿಡಬೇಡಿ.

ಕ್ಯಾಬಿನ್ ನೋಟ

ಲಾರಿ ಬಗ್ಗೆ ನಾನ್ ಹೇಳ್ತೀನಿ. ಡ್ರೈವರ್ ಎತ್ತರದಲ್ಲಿ ಕೂತಿರ್ತಾನೆ, ಅದರಿಂದ ದೂರ ಚೆನ್ನಾಗಿ ಕಾಣುತ್ತೆ, ಹತ್ತಿರ ಕಾಣಲ್ಲ. ಬಂಪರಿಗೆ ಅಂಟಿಕೊಂಡಂಗೆ ಮುಂದೆ ನಡೆದು ಹೋಗೋರು, ಅದರಲ್ಲೂ ಕುಳ್ಳಗಿರೋರು, ಮಕ್ಕಳು, ಅವನಿಗೆ ಕಾಣೋದೇ ಇಲ್ಲ. ಕ್ಲೀನರ್ ಕಡೆ ಬಾಗಿಲ ಪಕ್ಕ ಒಂದು ದೊಡ್ಡ ಪಟ್ಟಿ ಕಾಣಲ್ಲ, ಟ್ರೇಲರ್ ಹಿಂದೆ ಪೂರ್ತಿ ಕಾಣಲ್ಲ. ಗುರುತು ಸರಳ: ಅವನ ಮುಖ ನಿಮಗೆ ಗಾಜಲ್ಲೋ ಕನ್ನಡಿಯಲ್ಲೋ ಕಾಣದಿದ್ರೆ ನೀವೂ ಅವನಿಗೆ ಕಾಣ್ತಿಲ್ಲ. ಮುಖ ಕಂಡ್ರೂ ಅವನು ನಿಮ್ಮನ್ನ ನೋಡಿದ ಅಂತ ಅರ್ಥ ಅಲ್ಲ. ಗಾಡಿ ವೇಗ ಇಳಿತಾ, ಅದನ್ನ ನೋಡಿ.

ತಿರುಗೋವಾಗ ಟ್ರೇಲರಿನ ಹಿಂದಿನ ಚಕ್ರ ಮುಂದಿನ ಚಕ್ರದ ಗೆರೆಯಲ್ಲಿ ಬರಲ್ಲ, ಮೂಲೆ ಒಳಗೆ ಕತ್ತರಿಸಿಕೊಂಡು ಬರುತ್ತೆ. ಕ್ಯಾಬಿನ್ ನಿಮ್ಮನ್ನ ದಾಟಿ ಹೋಯ್ತು, ಇನ್ನು ಪರವಾಗಿಲ್ಲ ಅಂತ ಮುಂದೆ ಬಂದ್ರೆ ಹಿಂದಿನ ಚಕ್ರ ಫುಟ್‌ಪಾತ್ ಅಂಚು ಹತ್ತಿ ಕಾಲ ಮೇಲೆ ಬರುತ್ತೆ. ಅಂಚಲ್ಲಿ ನಿಂತು ಫೋನ್ ನೋಡೋರಿಗೆ ಆಗೋದು ಇದೇ. ಗೇಟಿನ ಮೂಲೆಯಲ್ಲಿ ಅಂಚಿಂದ ಎರಡು ಮೀಟರ್ ಒಳಗೆ ಹಳದಿ ಗೆರೆ ಎಳೆದು ಅದರ ಹಿಂದೆ ನಿಲ್ಲಿಸಿ. ಸಾಧ್ಯ ಆದ್ರೆ ಪಾಳಿ ಬಿಡೋ ಹದಿನೈದು ನಿಮಿಷ ಲಾರಿ ಒಳಗೆ ಬಿಡೋದೇ ನಿಲ್ಲಿಸಿ, ಅದಕ್ಕಿಂತ ಒಳ್ಳೆ ಉಪಾಯ ಇಲ್ಲ.

ಕಾರಲ್ಲೂ ಒಂದು ಇದೆ. ಮುಂದಿನ ಗಾಜಿನ ಎರಡೂ ಬದಿ ಕಂಬ ಇರುತ್ತಲ್ಲ, ಅದು ಒಬ್ಬ ಮನುಷ್ಯನನ್ನ ಪೂರ್ತಿ ಮುಚ್ಚುತ್ತೆ. ಕಾರು ತಿರುಗೋ ವೇಗಕ್ಕೂ ನೀವು ನಡೆಯೋ ವೇಗಕ್ಕೂ ಹೊಂದಿಕೊಂಡ್ರೆ ಕೊನೆವರೆಗೂ ಆ ಕಂಬದ ಹಿಂದೆಯೇ ಇರ್ತೀರ. ತಿರುಗ್ತಿರೋ ಗಾಡಿ ಕಂಡ ಕೂಡಲೇ ಹೆಜ್ಜೆ ತಡೆದ್ರೆ ಆ ಹೊಂದಾಣಿಕೆ ಮುರಿಯುತ್ತೆ.

ಮೀಟರ್‌ಸೆಕೆಂಡು

ರಾತ್ರಿ ಪಾಳಿ ಉಳಿದುಹೋಯಿತು, ಅದನ್ನು ಸೇರಿಸುತ್ತೇನೆ. ನಡೆಯುವವರಿಗೆ ಹೆಡ್‌ಲೈಟ್ ಚೆನ್ನಾಗಿ ಕಾಣುತ್ತದೆ, ಆದ್ದರಿಂದ ತಾವೂ ಅವರಿಗೆ ಹಾಗೇ ಕಾಣುತ್ತೇವೆ ಅಂದುಕೊಳ್ಳುತ್ತಾರೆ. ಡಿಪ್ ಬೆಳಕಿನಲ್ಲಿ (ತಗ್ಗಿಸಿದ ಹೆಡ್‌ಲೈಟಿನಲ್ಲಿ) ಕಪ್ಪು ಬಟ್ಟೆಯವರು ಡ್ರೈವರ್ ಕಣ್ಣಿಗೆ ಬೀಳುವುದು ಎಷ್ಟೋ ಸಲ 30 ಮೀಟರ್ ಒಳಗೆ. 64 ಕಿ.ಮೀ.ಗೆ ನಿಲ್ಲಲು 36 ಮೀಟರ್ ಬೇಕು ಅಂತ ಮೇಲೆ ಹೇಳಿದ್ದೆ. ಕಂಡ ಮೇಲೆ ಬ್ರೇಕ್ ಹಾಕಿದರೂ ಸಾಲದು.

ಕಾರ್ಖಾನೆಗಳು ಸಾಮಾನ್ಯವಾಗಿ ಕೊಡುವ ಮಿಂಚು ಹಳದಿ, ಕಿತ್ತಳೆ ಜಾಕೆಟ್ ಹಗಲಿಗೆ, ಮುಸ್ಸಂಜೆಗೆ ಒಳ್ಳೆಯದು. ಅದು ಹೊಳೆಯುವುದು ಸೂರ್ಯನ ಬೆಳಕಿನಲ್ಲಿರುವ ಅತಿನೇರಳೆ ಕಿರಣದಿಂದ. ರಾತ್ರಿ ಬೇಕಾದದ್ದು ಬೆಳಕು ಬಂದ ದಿಕ್ಕಿಗೇ ತಿರುಗಿಸಿ ಕಳಿಸುವ ಬೆಳ್ಳಿಬಣ್ಣದ ರಿಫ್ಲೆಕ್ಟರ್ ಪಟ್ಟಿ. ಅದನ್ನು ಎದೆಗಷ್ಟೇ ಹಾಕಿದರೆ ಡ್ರೈವರ್‌ಗೆ ಕಾಣುವುದು ಒಂದು ಹೊಳೆಯುವ ತುಂಡು, ಕಂಬವೋ ಬೋರ್ಡೋ ತಿಳಿಯದು. ಕಣಕಾಲು, ಮಂಡಿ, ಮಣಿಕಟ್ಟಿಗೆ ಕಟ್ಟಿದರೆ ನಡೆಯುವ ಚಲನೆ ಕಾಣುತ್ತದೆ, ಮನುಷ್ಯ ಅಂತ ತಕ್ಷಣ ಗೊತ್ತಾಗುತ್ತದೆ. ಡಿಪ್ ಬೆಳಕು ತಗ್ಗಿಗೆ ಬೀಳುವುದರಿಂದ ಮೊದಲು ಬೆಳಗುವುದೂ ಕಣಕಾಲೇ. ಐದು ಸೆಂಟಿಮೀಟರ್ ಅಗಲದ ಪಟ್ಟಿ, ಎರಡೂ ಕಾಲಿಗೆ, ಸುತ್ತಲೂ ಬರುವಂತೆ. ಒಗೆದು ಒಗೆದು ಹೊಳಪು ಹೋಗುತ್ತದೆ. ಕತ್ತಲಲ್ಲಿ ಟಾರ್ಚನ್ನು ಕಣ್ಣಿನ ಪಕ್ಕ ಹಿಡಿದು ಹತ್ತು ಮೀಟರ್ ದೂರದಿಂದ ಬೆಳಕು ಬಿಟ್ಟು ನೋಡಿ, ಹೊಸದರ ಪಕ್ಕದಲ್ಲಿ ಮಂಕಾಗಿ ಕಂಡರೆ ಬದಲಿಸಿ.

ಫೋನಿನ ಬೆಳಕು ಮುಖಕ್ಕೆ ಬೀಳುತ್ತದೆ, ಹಾಗಾಗಿ ಕಾಣುತ್ತೇವೆ ಅನ್ನುವ ನಂಬಿಕೆಯೂ ಇದೆ. ಬೀದಿ ದೀಪ, ಹೆಡ್‌ಲೈಟ್ ನಡುವೆ ಅದು ಲೆಕ್ಕಕ್ಕಿಲ್ಲ. ಬದಲಾಗಿ ಆ ಬೆಳಕಿಗೆ ನಿಮ್ಮ ಕಣ್ಣು ಕತ್ತಲಿಗೆ ಹೊಂದಿಕೊಂಡದ್ದು ಕೆಡುತ್ತದೆ, ತಲೆ ಎತ್ತಿದ ಮೇಲೆ ದೀಪವಿಲ್ಲದ ಸೈಕಲ್, ಗುಂಡಿ ಎರಡೂ ಕಾಣುವುದಿಲ್ಲ. ಮಳೆಗಾಲದಲ್ಲಿ ರೇನ್‌ಕೋಟಿನ ಟೊಪ್ಪಿ ಬದಿಯ ನೋಟವನ್ನು ಮುಚ್ಚುತ್ತದೆ, ಕತ್ತು ತಿರುಗಿಸಿದರೆ ಟೊಪ್ಪಿ ತಿರುಗುವುದಿಲ್ಲ, ಹೆಗಲ ಸಮೇತ ತಿರುಗಬೇಕು.

ಅಗಲ ಫುಟ್‌ಪಾತ್

ಇಲ್ಲಿಯವರೆಗೆ ಬಂದದ್ದೆಲ್ಲ ಸರಿ. ಆದರೆ ನಡೆದಾರಿಯವರ ಕೊನೆಯ ಪ್ರಶ್ನೆಗೆ ಯಾರೂ ನೇರ ಉತ್ತರ ಕೊಟ್ಟಿಲ್ಲ, ನನಗೆ ಮುಖ್ಯ ಅನಿಸುವುದು ಅದೇ. ಮನುಷ್ಯನ ಗಮನ ಚದುರುತ್ತದೆ. ಫೋನ್ ಇಲ್ಲದಿದ್ದರೂ ಸಾಲ, ಕಾಯಿಲೆ, ಮನೆಯ ಚಿಂತೆ ತಲೆಯಲ್ಲಿರುತ್ತದೆ. ಅರೆಕ್ಷಣ ಮೈಮರೆತದ್ದಕ್ಕೆ ಪ್ರಾಣ ಹೋಗುವಂಥ ರಸ್ತೆ ಇರಬಾರದು. ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 11.9 ಲಕ್ಷ ಜನ ರಸ್ತೆಯಲ್ಲಿ ಸಾಯುತ್ತಾರೆ, ಅವರಲ್ಲಿ ಐದರಲ್ಲಿ ಒಬ್ಬರಿಗಿಂತ ಹೆಚ್ಚು ಪಾದಚಾರಿಗಳು ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಅಷ್ಟೂ ಮಂದಿ ಫೋನ್ ನೋಡುತ್ತಿದ್ದರು ಅಂತ ಅಂದುಕೊಳ್ಳುವುದು ಸತ್ತವರ ಮೇಲೆ ತಪ್ಪು ಹೊರಿಸಿದಂತೆ.

ಫೋನ್ ನೋಡುವವರನ್ನೇ ಗುರಿಯಾಗಿಸಿದ ಪ್ರಯತ್ನಗಳು ನಡೆದಿವೆ. ಹೊನಲುಲು ನಗರ 2017ರ ಅಕ್ಟೋಬರ್‌ನಿಂದ ಸ್ಕ್ರೀನ್ ನೋಡುತ್ತಾ ದಾಟುವುದಕ್ಕೆ ದಂಡ ಇಟ್ಟಿತು, ಮೊದಲ ಸಲಕ್ಕೆ 15ರಿಂದ 35 ಡಾಲರ್. ಜಪಾನಿನ ಯಮಾಟೊ ನಗರ 2020ರಲ್ಲಿ ನಿಷೇಧ ತಂದಿತು, ದಂಡ ಇಲ್ಲದೆ. ಜರ್ಮನಿಯ ಆಗ್ಸ್‌ಬರ್ಗ್‌ನಲ್ಲಿ 2016ರಲ್ಲಿ ಟ್ರ್ಯಾಮ್ ನಿಲ್ದಾಣಗಳ ಬಳಿ, ನೆದರ್‌ಲ್ಯಾಂಡ್ಸ್‌ನ ಬೋಡೆಗ್ರಾವೆನ್‌ನಲ್ಲಿ 2017ರಲ್ಲಿ ಶಾಲೆಗಳ ಹತ್ತಿರದ ಜಂಕ್ಷನ್ನಿನಲ್ಲಿ, ತಲೆ ಬಗ್ಗಿಸಿದವರಿಗೂ ಕಾಣಲಿ ಅಂತ ನೆಲಕ್ಕೇ ಕೆಂಪು-ಹಸಿರು ದೀಪ ಹಾಕಿದರು. ನೆಲದ ದೀಪ ಕೊನೆಯ ಬೇಲಿಯಾಗಿ ಒಳ್ಳೆಯದು. ಆದರೆ ಅದು ಸಿಗ್ನಲ್ಲನ್ನು ತೋರಿಸುತ್ತದೆ, ಸಿಗ್ನಲ್ ಮುರಿದು ಬರುವ ಗಾಡಿಯನ್ನು ತೋರಿಸುವುದಿಲ್ಲ.

ವೇಗ ಇಳಿದರೆ ಎಲ್ಲವೂ ಬದಲಾಗುತ್ತದೆ. ಎಎಎ ಪ್ರತಿಷ್ಠಾನದ 2011ರ ವರದಿಯಂತೆ, ಕಾರು ಹೊಡೆದಾಗ ಪಾದಚಾರಿ ಸಾಯುವ ಸಂಭವ 37 ಕಿ.ಮೀ. ವೇಗದಲ್ಲಿ ಸರಾಸರಿ ಶೇ 10, 51ರಲ್ಲಿ ಶೇ 25, 68ರಲ್ಲಿ ಶೇ 50. ವಯಸ್ಸಾದವರಿಗೆ ಇನ್ನೂ ಹೆಚ್ಚು. ರಸ್ತೆ ಸುರಕ್ಷತೆಯ ಜಾಗತಿಕ ಸಮ್ಮೇಳನದಲ್ಲಿ ಬಂದ 2020ರ ಸ್ಟಾಕ್‌ಹೋಮ್ ಘೋಷಣೆ ಜನ, ಗಾಡಿ ಬೆರೆಯುವ ಕಡೆ 30 ಕಿ.ಮೀ. ಮಿತಿ ಇರಲಿ ಅಂದದ್ದು ಸುಮ್ಮನೆ ಅಲ್ಲ. ಓಸ್ಲೋ, ಹೆಲ್ಸಿಂಕಿ ನಗರಗಳಲ್ಲಿ 2019ರಲ್ಲಿ ಒಬ್ಬ ಪಾದಚಾರಿಯೂ ರಸ್ತೆ ಅಪಘಾತದಲ್ಲಿ ಸಾಯಲಿಲ್ಲ. ಅಲ್ಲಿನವರ ಕೈಯಲ್ಲೂ ಫೋನ್ ಇತ್ತು.

ನಗರಾಡಳಿತಕ್ಕೆ ಬರೆಯುವಾಗ "ಸುರಕ್ಷತೆ ಹೆಚ್ಚಿಸಿ" ಅಂತ ಬರೆದರೆ ಕಡತ ಸೇರುತ್ತದೆ. ಬಿಡಿಬಿಡಿಯಾಗಿ ಕೇಳಿ. ಸಿಗ್ನಲ್ಲಿನಲ್ಲಿ ಗಾಡಿಗೆ ಹಸಿರು ಕೊಡುವ 3ರಿಂದ 7 ಸೆಕೆಂಡ್ ಮೊದಲು ಪಾದಚಾರಿಗೆ ಹಸಿರು ಕೊಡಲಿ. ತಿರುಗುವ ಗಾಡಿ ಬರುವಷ್ಟರಲ್ಲಿ ಜನ ರಸ್ತೆಯ ನಡುವೆ ಎದ್ದು ಕಾಣುತ್ತಾರೆ. ಸಮಯ ಬದಲಿಸಿದರೆ ಸಾಕು, ಕಟ್ಟಡದ ಕೆಲಸ ಏನೂ ಇಲ್ಲ, ಅದಕ್ಕೇ ಇದನ್ನು ಮೊದಲು ಕೇಳಿ. ದಾಟುವ ಸಮಯದ ಲೆಕ್ಕ ಸೆಕೆಂಡಿಗೆ 1.2 ಅಲ್ಲ, 1.0 ಮೀಟರಿನಂತೆ ಹಾಕಲಿ. ಸಿಗ್ನಲ್ ಇಲ್ಲದ ಜೀಬ್ರಾದಲ್ಲಿ ಡಿವೈಡರ್ ಕತ್ತರಿಸಿ ಕನಿಷ್ಠ 1.8 ಮೀಟರ್ ಅಗಲದ ನಿಲ್ಲುವ ಜಾಗ ಬೇಕು. ಅದಕ್ಕಿಂತ ಕಿರಿದಾದರೆ ಮಗುವಿನ ಗಾಡಿ, ಸೈಕಲ್ ಹಿಡಿದವರ ಹಿಂಬದಿ ರಸ್ತೆಯಲ್ಲೇ ಉಳಿಯುತ್ತದೆ. ಗಾಡಿಗಳು ನಿಲ್ಲುವ ಗೆರೆ ಜೀಬ್ರಾಕ್ಕೆ ಅಂಟಿರಬಾರದು, 6ರಿಂದ 15 ಮೀಟರ್ ಹಿಂದಿರಲಿ. ಮೀಟರ್‌ಸೆಕೆಂಡು ಅವರು ಹೇಳಿದ ಎರಡನೇ ಲೇನಿನ ಬೈಕು ಆಗ ಬಸ್ಸಿನ ಹಿಂದೆ ಅಡಗುವುದಿಲ್ಲ. ಕ್ರಾಸಿಂಗಿಗೆ ಮೊದಲ 6 ಮೀಟರ್ ಪಾರ್ಕಿಂಗ್ ತೆರವು. ಜೀಬ್ರಾವನ್ನೇ ಫುಟ್‌ಪಾತ್ ಮಟ್ಟಕ್ಕೆ ಏರಿಸಿ ಅಗಲ ಹಂಪ್ಸ್ ಮಾಡಿದರೆ ಇನ್ನೂ ಒಳ್ಳೆಯದು, ಆದರೆ ನೀರು ಹೋಗುವ ದಾರಿ ಮೊದಲೇ ಗೊತ್ತುಮಾಡಿಕೊಳ್ಳದಿದ್ದರೆ ಮಳೆಗಾಲದಲ್ಲಿ ಅಂಚಿನಲ್ಲಿ ನೀರು ನಿಂತು ಜನ ಬೇರೆ ಕಡೆ ದಾಟುತ್ತಾರೆ.

ನಡೆದಾರಿ

ಸೂಚನೆಯ ಕರಡು, ಇಲ್ಲಿ ಬಂದದ್ದರಿಂದಲೇ: "ಹಳದಿ ಗೆರೆಗೆ ಮೊದಲೇ ಫೋನ್ ಜೇಬಿಗೆ, ಎರಡೂ ಕಿವಿ ಖಾಲಿ. ಮೆಸೇಜ್ ಮುಗಿಸಬೇಕೇ? ಗೋಡೆ ಬದಿಯ ಹಸಿರು ಚೌಕದಲ್ಲಿ ನಿಲ್ಲಿ. ಗುರುತಿನ ಕಂಬದ ಈಚೆ ಗಾಡಿ ಇದ್ದರೆ ಇಳಿಯಬೇಡಿ. ನಿಂತ ಗಾಡಿಯ ಆಚೆ ಅಂಚಿನಲ್ಲಿ ನಿಂತು, ಇಣುಕಿ, ಆಮೇಲೆ ಹೆಜ್ಜೆ. ಡಿವೈಡರಿನಲ್ಲಿ ನಿಂತು ಮತ್ತೆ ನೋಡಿ. ಲೇನಿಗೆ 3 ಸೆಕೆಂಡ್ ಇಲ್ಲದಿದ್ದರೆ ಮುಂದಿನ ಹಸಿರಿಗೆ ಕಾಯಿರಿ."

ಬೋರ್ಡನ್ನು ರಸ್ತೆ ಅಂಚಿನಲ್ಲಿ ಹಾಕಲೇ?

ಎಚ್ಚರ

ಬೇಡ. ಅಂಚಿನಲ್ಲಿ ಬೋರ್ಡ್ ಓದುವವರೂ ರಸ್ತೆ ನೋಡುತ್ತಿರುವುದಿಲ್ಲ. ಪೂರ್ತಿ ಸೂಚನೆ ಲಾಕರ್ ಕೋಣೆಯಲ್ಲಿ ಇರಲಿ, ಫೋನು ಕೈಗೆ ಬರುವುದು ಅಲ್ಲಿ. ಗೇಟಿನಿಂದ ಅಂಚಿನವರೆಗಿನ ದಾರಿಯಲ್ಲಿ, ಹತ್ತು ಹೆಜ್ಜೆ ಮೊದಲು, ನೆಲದ ಮೇಲೆ "ಫೋನ್ ಜೇಬಿಗೆ" ಅಂತ ಎರಡೇ ಪದ, ನಡೆದು ಬರುವವರಿಗೆ ನೇರವಾಗಿ ಓದಲು ಬರುವ ದಿಕ್ಕಿನಲ್ಲಿ. ದಾರಿ ತೋರಿಸುವ ಮ್ಯಾಪ್ ಬಳಸುವವರಿಗೆ ಮುಂದಿನ ಎರಡು ತಿರುವು ನೆನಪಿಟ್ಟುಕೊಂಡು ಫೋನ್ ಒಳಗಿಡಲು ಹೇಳಿ. ಕೆಲವು ಆಂಡ್ರಾಯ್ಡ್ ಫೋನುಗಳ ಸೆಟ್ಟಿಂಗ್ಸ್‌ನಲ್ಲಿರುವ ಡಿಜಿಟಲ್ ವೆಲ್‌ಬೀಯಿಂಗ್ ಒಳಗೆ "ಹೆಡ್ಸ್ ಅಪ್" ಅಂತ ಇದೆ, ನಡೆಯುತ್ತಾ ಸ್ಕ್ರೀನ್ ನೋಡಿದರೆ ತಲೆ ಎತ್ತಲು ನೆನಪಿಸುತ್ತದೆ. ಇದ್ದವರು ಆನ್ ಮಾಡಿಕೊಳ್ಳಲಿ, ಅದನ್ನೇ ನೆಚ್ಚಿಕೊಳ್ಳುವುದು ಬೇಡ.

ಪರಿಣಾಮ ಆಯಿತೇ ಅಂತ ತಿಳಿಯಲು ಬೋರ್ಡ್ ಹಾಕುವ ಮೊದಲೇ ಒಂದು ಎಣಿಕೆ ಮಾಡಿ. ಪಾಳಿ ಬಿಟ್ಟ ಮೊದಲ ಅರ್ಧ ಗಂಟೆ, ಇಬ್ಬರು ಬೇರೆ ಬೇರೆ ನಿಂತು, ದಾಟುವವರನ್ನು ಹಾಳೆಯ ನಾಲ್ಕು ಕಾಲಮ್ಮುಗಳಲ್ಲಿ ಗುರುತು ಹಾಕಲಿ: ಸ್ಕ್ರೀನ್ ನೋಡುತ್ತಿದ್ದವರು, ಫೋನ್ ಕಿವಿಗೆ ಹಿಡಿದವರು, ಇಯರ್‌ಫೋನ್ ಹಾಕಿದವರು, ಏನೂ ಇಲ್ಲದವರು. ಪಕ್ಕದಲ್ಲಿ ಇನ್ನೊಂದು ಗುರುತು, ಇಳಿಯುವ ಮೊದಲು ಗಾಡಿ ಬರುವ ಕಡೆ ತಲೆ ತಿರುಗಿತೇ ಇಲ್ಲವೇ. ಇಬ್ಬರ ಎಣಿಕೆ ತುಂಬ ಬೇರೆಯಾದರೆ ಏನನ್ನು ಹೇಗೆ ಗುರುತು ಹಾಕಬೇಕು ಅನ್ನುವುದನ್ನು ಕೂತು ತೀರ್ಮಾನಿಸಿ ಮತ್ತೆ ಎಣಿಸಿ. ಇಯರ್‌ಬಡ್ ಕೂದಲ ಅಡಿ, ಸ್ಕಾರ್ಫ್ ಅಡಿ ಕಾಣುವುದಿಲ್ಲ, ಆ ಸಂಖ್ಯೆ ಯಾವಾಗಲೂ ಕಡಿಮೆಯೇ ಬರುತ್ತದೆ ಅಂತ ತಿಳಿದಿರಲಿ. ಬೋರ್ಡ್ ಹಾಕಿದ ಮರುದಿನದ ಎಣಿಕೆಯನ್ನು ನಂಬಬೇಡಿ, ಹೊಸದನ್ನು ಎಲ್ಲರೂ ನೋಡುತ್ತಾರೆ. ಒಂದು ತಿಂಗಳು ಬಿಟ್ಟು ಅದೇ ವಾರದ ದಿನ, ಅದೇ ಪಾಳಿಗೆ ಎಣಿಸಿ. ಮಳೆ ದಿನವನ್ನು ಒಣ ದಿನಕ್ಕೆ ಹೋಲಿಸಬೇಡಿ. ಛತ್ರಿ ಹಿಡಿದ ಕೈ ಫೋನ್ ಹಿಡಿಯುವುದು ಕಡಿಮೆ, ಬೋರ್ಡು ಕೆಲಸ ಮಾಡಿತು ಅಂತ ತಪ್ಪು ತಿಳಿಯುವಂತಾಗುತ್ತದೆ.